ಕೊಳದ ನೀರು ಮುಟ್ಟದೆ ಕೋಟೆ ನೋಡಿದವರು

ಕನ್ನಡದ ಪ್ರವಾಸ ಸಾಹಿತ್ಯಕ್ಕೆ ಕೊಪ್ಪಳ ಸೀಮೆಯಿಂದ ಒಂದು ಪ್ರಶ್ನೆ

1

ಕುಷ್ಟಗಿಯ ಬಸ್ ನಿಲ್ದಾಣದಲ್ಲಿ ಸಂಜೆ ಮೇಲೆ ನಿಂತು ನೋಡಿದವರಿಗೆ ಈ ಮಾತು ಹೊಸದಲ್ಲ. ಗೊಬ್ಬರದ ಚೀಲದಲ್ಲಿ ಪಾತ್ರೆ-ಪಗಡ, ಅರಿವೆಯ ಗಂಟಿನಲ್ಲಿ ಕಟಕ ರೊಟ್ಟಿ, ಹೆಗಲ ಮೇಲೆ ಕೌದಿ, ಸೊಂಟದಲ್ಲಿ ಕೂಸು. ಬಸ್ಸಿನ ಬೋರ್ಡು ಓದಲು ಬಾರದವರು ಓದಬಲ್ಲವರನ್ನು ಕೇಳುತ್ತಾರೆ: "ಅಣ್ಣಾ, ಇದು ಮಂಗಳೂರ ಗಾಡಿ ಏನು?" ಮಂಗಳೂರು, ಉಡುಪಿ, ಗೋವಾ, ಬೆಂಗಳೂರು. ಮಳೆ ಕೈಕೊಟ್ಟ ವರ್ಷ ಗಾಡಿ ತುಂಬಿ ತುಳುಕುತ್ತದೆ. ಕೇರಿಯಲ್ಲಿ ಮುದುಕರೂ ಸಾಲಿಗೆ ಹೋಗುವ ಹುಡುಗರೂ ಉಳಿಯುತ್ತಾರೆ. ಕೇಳಿದರೆ ಒಂದೇ ಉತ್ತರ: "ದುಡಿಯಾಕ ಹೋಗ್ಯಾರ್ರಿ."

ಇವರು ನಾಡು ಸುತ್ತಿದ ಮಂದಿ. ಕಡಲು ನೋಡಿದ್ದಾರೆ, ಬಂದರು ನೋಡಿದ್ದಾರೆ, ಹತ್ತನೇ ಅಂತಸ್ತಿನ ಮೇಲೆ ನಿಂತು ಬೆಂಗಳೂರು ನೋಡಿದ್ದಾರೆ. ಆ ಹತ್ತನೇ ಅಂತಸ್ತಿಗೆ ಸಿಮೆಂಟಿನ ಪುಟ್ಟಿ ಹೊತ್ತವರೇ ಇವರು. ಆದರೆ ಇವರನ್ನು ಯಾರೂ ಪ್ರವಾಸಿಗರು ಎನ್ನುವುದಿಲ್ಲ. ಇವರು ಕಂಡದ್ದಕ್ಕೆ ಪ್ರವಾಸ ಕಥನ ಎಂಬ ಹೆಸರಿಲ್ಲ. ಉಳ್ಳವನು ಊರು ಬಿಟ್ಟರೆ ಅದು ಪ್ರವಾಸ, ಇಲ್ಲದವನು ಊರು ಬಿಟ್ಟರೆ ಅದು ಗುಳೆ. ಒಂದೇ ದಾರಿ, ಒಂದೇ ಬಸ್ಸು, ಎರಡು ಶಬ್ದ. ಈ ಎರಡು ಶಬ್ದಗಳ ನಡುವೆ ನಮ್ಮ ಸಾಹಿತ್ಯದ ಒಂದು ಇಡೀ ಪ್ರಕಾರ ನಿಂತಿದೆ. ಆ ಪ್ರಕಾರವನ್ನು ಇವತ್ತು ಸ್ವಲ್ಪ ಜಗ್ಗಿ ನೋಡಬೇಕಾಗಿದೆ.

2

ಕನ್ನಡದಲ್ಲಿ ಪ್ರವಾಸ ಸಾಹಿತ್ಯಕ್ಕೆ ಕೊರತೆಯಿಲ್ಲ. ವಿ.ಸೀ. ಅವರ 'ಪಂಪಾಯಾತ್ರೆ'ಯಿಂದ ಹಿಡಿದು ಕಾರಂತರ 'ಅಬೂವಿನಿಂದ ಬರಾಮಕ್ಕೆ'ಯವರೆಗೆ, ಬಿ.ಜಿ.ಎಲ್. ಸ್ವಾಮಿಯವರ 'ಅಮೆರಿಕದಲ್ಲಿ ನಾನು' ಇಂದ ಹಿಡಿದು 'ಅಮೆರಿಕದಲ್ಲಿ ಗೊರೂರು'ವರೆಗೆ ದೊಡ್ಡ ಸಾಲೇ ಇದೆ. ಗೊರೂರರ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ ಬಂತು. ಇವನ್ನು ನಾವೂ ಹಳ್ಳಿಯ ಸಾಲೆಯ ಕಪಾಟಿನಿಂದ ತೆಗೆದು ಓದಿದವರೇ. ಓದಿ ನಕ್ಕಿದ್ದೇವೆ, ಬೆರಗಾಗಿದ್ದೇವೆ. ಹಿರಿಯರು ಬರೆದದ್ದನ್ನು ಹೀಗಳೆಯುವುದು ನಮ್ಮ ಕೆಲಸವಲ್ಲ.

ನಮ್ಮ ತಕರಾರು ಆ ಒಬ್ಬೊಬ್ಬರ ಮೇಲಲ್ಲ, ಪ್ರಕಾರ ರೂಢಿಸಿಕೊಂಡ ಕಣ್ಣಿನ ಮೇಲೆ. ಆ ಕಣ್ಣು ಒಂದು ಊರಿಗೆ ಹೋದರೆ ಮೊದಲು ಗೋಪುರ ನೋಡುತ್ತದೆ. ಯಾವ ಅರಸ, ಯಾವ ಶತಮಾನ, ಯಾವ ಶೈಲಿ ಎಂದು ಕೇಳುತ್ತದೆ. ಹಾಳಾದ ಗೋಡೆಯ ಮುಂದೆ ನಿಂತು ನಿಟ್ಟುಸಿರು ಬಿಡುತ್ತದೆ. ಆಲೂರ ವೆಂಕಟರಾಯರು 1905ರಲ್ಲಿ ಹಂಪಿ-ಆನೆಗೊಂದಿಯ ಕಡೆಗೆ ಬಂದು ಹೋದರು. 1917ರಲ್ಲಿ ಅವರ 'ಕರ್ನಾಟಕ ಗತವೈಭವ' ಬಂತು. ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ ಅಂದು ಆ ವೈಭವದ ನೆನಪು ಬೇಕಾಗಿತ್ತು, ಅದು ಕೆಲಸವನ್ನೂ ಮಾಡಿತು. ಏಕೀಕರಣವಾಗಿ ಎಷ್ಟೋ ದಶಕ ಕಳೆದವು. ಆ ನಿಟ್ಟುಸಿರು ಮಾತ್ರ ಇನ್ನೂ ನಿಂತಿಲ್ಲ. ಇವತ್ತಿನ ಭಾನುವಾರದ ಪುರವಣಿ ತೆಗೆದರೂ ಅದೇ ಮುತ್ತು-ರತ್ನ ಅಳೆದ ಬೀದಿ, ಅದೇ ಸಂಜೆಯ ಸೂರ್ಯ.

ಮುತ್ತು-ರತ್ನ ಅಳೆದ ಬೀದಿಯನ್ನು ಗುಡಿಸಿದವರು ಎಲ್ಲಿ ಮಲಗುತ್ತಿದ್ದರು? ಅವರು ಯಾವ ಬಾವಿಯ ನೀರು ಕುಡಿಯುತ್ತಿದ್ದರು? ಪ್ರವಾಸಿಗನಿಗೆ ಈ ಪ್ರಶ್ನೆ ಹೊಳೆಯುವುದಿಲ್ಲ. ಯಾಕೆಂದರೆ ಅವನಿಗೆ ನೀರು ತಾನಾಗಿ ಸಿಗುತ್ತದೆ. ಪರಿಚಯದವರ ಮನೆ, ಮಠದ ಪ್ರಸಾದ, ಮಾಮಲೇದಾರರ ಚೀಟಿ, ಪ್ರವಾಸಿ ಮಂದಿರದ ಮೇಟಿ. ನೀರು ಕೇಳಿ ಪಡೆಯಬೇಕಾದವನು ಮಾತ್ರ ನೀರನ್ನು ಕಾಣುತ್ತಾನೆ.

3

ಹಾಗೆ ಕಂಡವರೊಬ್ಬರು ಬರೆದಿಟ್ಟ ಪ್ರವಾಸ ಕಥನವೊಂದಿದೆ. ಅದನ್ನು ಯಾರೂ ಪ್ರವಾಸ ಸಾಹಿತ್ಯ ಎಂದು ಪಾಠ ಮಾಡುವುದಿಲ್ಲ. ಅದು ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ'. 1930ರ ದಶಕದ ನಡುವಿನಲ್ಲಿ ಬರೆದ ಕೆಲವೇ ಪುಟಗಳ ಬರಹ. ಅಚ್ಚಾದದ್ದು ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, 1990ರಲ್ಲಿ.

ಅದರಲ್ಲಿ 1934ರ ಒಂದು ಪ್ರಸಂಗವಿದೆ. ಚಳವಳಿಯ ಸುಮಾರು ಮೂವತ್ತು ಮಂದಿ ಗೆಳೆಯರು ಒಟ್ಟಾಗಿ ವೇರೂಳದ ಬೌದ್ಧ ಗವಿಗಳನ್ನು ನೋಡಲು ಹೊರಡುತ್ತಾರೆ. ದಾರಿಯಲ್ಲಿ ದೌಲತಾಬಾದಿನ ಕೋಟೆ. ಅದು ನಿಜಾಮರ ಹೈದರಾಬಾದ್ ಸಂಸ್ಥಾನ. ಧೂಳು ತುಂಬಿದ ಮುಖ. ಕೋಟೆಯ ಬಾಗಿಲಲ್ಲಿ ನೀರು ತುಂಬಿದ ಒಂದು ಸಣ್ಣ ಕೊಳ. ಕೆಲವರು ಮುಖ-ಕಾಲು ತೊಳೆದುಕೊಳ್ಳುತ್ತಾರೆ. ಅಷ್ಟರಲ್ಲಿ ಒಬ್ಬ ಮುದುಕ ಕೂಗುತ್ತಾ ಬರುತ್ತಾನೆ, ಅಸ್ಪೃಶ್ಯರು ಕೊಳ ಕೆಡಿಸಿದರು ಎಂದು. ಜನ ಸೇರುತ್ತಾರೆ, ಬೈಗುಳ ಸುರಿಯುತ್ತದೆ. ಅವರು ಮುಸಲ್ಮಾನರು. ನಿಮ್ಮ ಧರ್ಮ ಹೇಳುವುದು ಇದನ್ನೇ ಏನು, ಅಸ್ಪೃಶ್ಯನೊಬ್ಬ ನಿಮ್ಮ ಧರ್ಮಕ್ಕೆ ಬಂದರೆ ಅವನಿಗೂ ಈ ನೀರು ಇಲ್ಲವೆನ್ನುತ್ತೀರಾ ಎಂದು ಅಂಬೇಡ್ಕರ್ ತಿರುಗಿ ಕೇಳುತ್ತಾರೆ. ಗುಂಪು ಸುಮ್ಮನಾಗುತ್ತದೆ. ಕಡೆಗೆ ಕೋಟೆ ನೋಡಲು ಬಿಡುತ್ತಾರೆ. ಆದರೆ ಜತೆಗೆ ಒಬ್ಬ ಬಂದೂಕಿನ ಸಿಪಾಯಿ. ಇವರು ಒಳಗೆ ಎಲ್ಲಿಯೂ ನೀರು ಮುಟ್ಟದಂತೆ ನೋಡಿಕೊಳ್ಳುವುದು ಅವನ ಕೆಲಸ.

ಗೆಳೆಯರೇ, ಈ ಚಿತ್ರವನ್ನು ಕಣ್ಣಮುಂದೆ ತಂದುಕೊಳ್ಳಿ. ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ ಬಂದವರು, ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಮಾತಾಡಿ ಬಂದವರು, ತಮ್ಮದೇ ನಾಡಿನ ಒಂದು ಹಳೆಯ ಕೋಟೆಯನ್ನು ಬಂದೂಕಿನ ಕಾವಲಲ್ಲಿ ನೋಡುತ್ತಿದ್ದಾರೆ. ಕೋಟೆಯ ಎತ್ತರ ಎಷ್ಟು, ಕಂದಕ ಎಷ್ಟು ಆಳ ಎಂಬುದರ ಬಗ್ಗೆ ಆ ಬರಹದಲ್ಲಿ ಹೆಚ್ಚು ಮಾತಿಲ್ಲ. ಕೊಳ ಇದೆ, ಕೊಳದ ಸುತ್ತ ಕಲ್ಲು ಹಾಸಿದೆ, ನೀರಿದೆ. ಕೋಟೆಯ ನಿಜವಾದ ಚರಿತ್ರೆ ಆ ನೀರಿನಲ್ಲಿದೆ.

ದೌಲತಾಬಾದ್ ನಮಗೆ ದೂರದ ಊರಲ್ಲ. ಆಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಅದೇ ನಿಜಾಮರ ಸಂಸ್ಥಾನದಲ್ಲಿದ್ದವು. ಕೊಪ್ಪಳ ಸಾಲಾರ್ ಜಂಗ್ ಮನೆತನದ ಜಹಗೀರು. 1948ರ ಸೆಪ್ಟೆಂಬರಿನವರೆಗೂ ಅದೇ ಆಳ್ವಿಕೆ. ನಮ್ಮ ಅಜ್ಜಂದಿರು ಆ ಸಿಪಾಯಿಯನ್ನು ಬಲ್ಲರು. ಅವನ ಕೈಯಲ್ಲಿ ಬಂದೂಕು ಇರಲೇಬೇಕೆಂದಿಲ್ಲ. ಕೆಲವು ಸಲ ಬಾಯಲ್ಲಿ ಒಂದು ಪ್ರಶ್ನೆ ಇದ್ದರೆ ಸಾಕು: "ಯಾವೂರ್ರಿ ತಮ್ದು? ಅಡ್ಡೆಸರು ಏನಂದ್ರಿ?" ನಮ್ಮ ಕಡೆ ಈ ಅಡ್ಡಹೆಸರೇ ವೀಸಾ. ಅದನ್ನು ನೋಡಿಯೇ ಒಳಗೆ ಬಿಡುವುದೋ, ಕಟ್ಟೆಯ ಮೇಲೆ ಕೂಡಿಸುವುದೋ, ಅಂಗಳದಲ್ಲೇ ನಿಲ್ಲಿಸುವುದೋ ತೀರ್ಮಾನವಾಗುತ್ತದೆ.

ಅಂಬೇಡ್ಕರರ ಈ ಪುಟಗಳು ಪ್ರವಾಸ ಸಾಹಿತ್ಯಕ್ಕೆ ಒಂದು ಅಳತೆಗೋಲು ಕೊಡುತ್ತವೆ ಎಂಬುದು ನಮ್ಮ ವಾದ. ಒಂದು ಊರಿಗೆ ಹೋದವನು ಅಲ್ಲಿ ನೀರು ಕೇಳಬೇಕು. ಯಾರು ಕೊಟ್ಟರು, ಹೇಗೆ ಕೊಟ್ಟರು, ಯಾರಿಗೆ ಕೊಡಲಿಲ್ಲ ಎಂದು ಬರೆಯಬೇಕು. ಗೋಪುರದ ಮಾತು ಆಮೇಲೆ. ಈ ಅಳತೆಗೋಲು ಹಿಡಿದು ನಮ್ಮ ನಾಲ್ಕು ತಾಲ್ಲೂಕುಗಳನ್ನು ಒಮ್ಮೆ ಸುತ್ತಿ ಬಂದರೆ ಏನು ಕಾಣುತ್ತದೆ?

4

ಕೊಪ್ಪಳದಿಂದಲೇ ಶುರು ಮಾಡೋಣ. ಗವಿಮಠದ ಬಳಿಯ ಬಂಡೆಯ ಮೇಲೆ ಒಂದು, ಪಾಲ್ಕಿಗುಂಡಿನ ಮೇಲೆ ಒಂದು, ಅಶೋಕನ ಎರಡು ಶಾಸನಗಳಿವೆ. 1931ರಲ್ಲಿ ಬೆಳಕಿಗೆ ಬಂದವು. ಪಾಲ್ಕಿಗುಂಡು ನಿಜಕ್ಕೂ ಪಾಲಕಿಯ ಹಾಗಿದೆ. ಎರಡು ಗುಂಡಿನ ಮೇಲೆ ಒಂದು ಚಪ್ಪಡಿ. ಅಲ್ಲಿನ ಅಕ್ಷರ ಸವೆದಿವೆ, ಗವಿಮಠದ ಶಾಸನ ಚೆನ್ನಾಗಿ ಉಳಿದಿದೆ. ಬ್ರಾಹ್ಮೀ ಲಿಪಿ, ಪ್ರಾಕೃತ ಭಾಷೆ.

ಶಾಸನದ ತಿರುಳನ್ನು ನಮ್ಮ ಮಾತಿನಲ್ಲಿ ಹೇಳುವುದಾದರೆ ಇಷ್ಟು: ದೊಡ್ಡವರಿಗೆ ಮಾತ್ರ ಸಿಗುವಂಥದ್ದು ಇದಲ್ಲ, ಸಣ್ಣವನೂ ಪ್ರಯತ್ನಪಟ್ಟರೆ ಸ್ವರ್ಗವನ್ನು ಪಡೆಯಬಲ್ಲ. ಸಣ್ಣವನು ಎಂಬುದಕ್ಕೆ ಅಲ್ಲಿ 'ಖುದಕ' ಎಂಬ ಮಾತಿದೆ. ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದೆ, ಕನ್ನಡ ನೆಲದ ಒಂದು ಬಂಡೆಯ ಮೇಲೆ ಸಣ್ಣವನ ಹೆಸರಿನಲ್ಲಿ ಒಂದು ಮಾತು ಕೊರೆಯಲಾಗಿದೆ. ನಮ್ಮ ನಾಡಿನಲ್ಲಿ ಸಿಕ್ಕ ಅತ್ಯಂತ ಹಳೆಯ ಬರಹಗಳಲ್ಲಿ ಇದೂ ಒಂದು. ಕವಿರಾಜಮಾರ್ಗ ಕೊಪಣನಗರವನ್ನು ತಿರುಳ್ಗನ್ನಡದ ನಾಡಿಗೆ ಸೇರಿಸಿದ್ದನ್ನು ನಾವು ಎದೆಯುಬ್ಬಿಸಿ ಹೇಳುತ್ತೇವೆ. ಅದಕ್ಕೂ ಸಾವಿರ ವರ್ಷ ಹಿಂದೆ ಅದೇ ಊರಿನ ಬಂಡೆ ಖುದಕನ ಮಾತಾಡಿತ್ತು ಎಂಬುದನ್ನು ಎಷ್ಟು ಮೇಷ್ಟ್ರುಗಳು ಮಕ್ಕಳಿಗೆ ಹೇಳಿದ್ದಾರೆ?

ಅಶೋಕನೂ ಅರಸನೇ. ಕಳಿಂಗದಲ್ಲಿ ರಕ್ತ ಹರಿಸಿದವನೇ. ಅವನನ್ನು ಪೂಜೆಗೆ ಇಡಬೇಕಾಗಿಲ್ಲ. ಅರಸನೂ ಒಮ್ಮೆ ಸಣ್ಣವನ ಕಡೆಗೆ ತಿರುಗಿ ಮಾತಾಡಬೇಕಾದ ಕಾಲವೊಂದು ಇತ್ತು ಎಂಬುದು ಮುಖ್ಯ.

ಗವಿಮಠದ ಜಾತ್ರೆ ಜನವರಿಯಲ್ಲಿ ನಡೆಯುತ್ತದೆ. ಲಕ್ಷಾಂತರ ಜನ ಸೇರುತ್ತಾರೆ. ಊರೂರಿನಿಂದ ಜೋಳದ ರೊಟ್ಟಿ ಚಕ್ಕಡಿ-ಟ್ರ್ಯಾಕ್ಟರಿನಲ್ಲಿ ದಾಸೋಹಕ್ಕೆ ಬರುತ್ತದೆ. ಆ ರೊಟ್ಟಿಯ ರಾಶಿಯಲ್ಲಿ ಯಾರ ಮನೆಯ ರೊಟ್ಟಿ ಯಾವುದೆಂದು ಯಾರಿಗೂ ಹೇಳಲಾಗದು. ನೋಡಿ ನಮಗೆ ಸಂತೋಷವಾಗಿದೆ. ಜಾತ್ರೆಯಲ್ಲಿ ಸಾಧ್ಯವಾದದ್ದು ಜಾತ್ರೆ ಮುಗಿಸಿ ಊರಿಗೆ ಹೋದ ಮೇಲೆ ಯಾಕೆ ಸಾಧ್ಯವಾಗುವುದಿಲ್ಲ? ಊರಿನ ಚಹಾದಂಗಡಿಯಲ್ಲಿ ಆ ರಾಶಿ ಮತ್ತೆ ಯಾಕೆ ಎರಡಾಗುತ್ತದೆ?

ಅಲ್ಲಿಂದ ಗಂಗಾವತಿ. ಗಂಗಾವತಿಯಿಂದ ಹತ್ತು ಕಿಲೋಮೀಟರ್ ಆಚೆ ಹಿರೇಬೆಣಕಲ್. ಗುಡ್ಡದ ಮೇಲೆ ಸುಮಾರು 400 ಶಿಲಾಸಮಾಧಿಗಳು. ದೊಡ್ಡ ದೊಡ್ಡ ಚಪ್ಪಡಿ ನಿಲ್ಲಿಸಿ, ಮೇಲೆ ಇನ್ನೊಂದು ಚಪ್ಪಡಿ ಹೊದಿಸಿ ಮಾಡಿದ ಮನೆಯಂಥ ಕಟ್ಟಡ. ಕೆಲವಕ್ಕೆ ದುಂಡನೆಯ ಕಿಂಡಿ. ಊರಿನವರು ಇದನ್ನು ಮೋರ್ಯರ ಗುಡ್ಡ ಎನ್ನುತ್ತಾರೆ. ಮೋರ್ಯರು ಮೂರಡಿ ಎತ್ತರದ ಕುಳ್ಳರು, ಅವರ ಮನೆಗಳಿವು ಎಂದು ಕತೆ ಹೇಳುತ್ತಾರೆ. 19ನೇ ಶತಮಾನದಲ್ಲಿ ಸುರಪುರದಲ್ಲಿದ್ದ ಮೆಡೋಸ್ ಟೇಲರ್ ಇವನ್ನು ಕುರಿತು ಬರೆದ. ಹಂಡೆ ಬೋರಲು ಹಾಕಿದಂಥ ಒಂದು ಗುಂಡು ಅಲ್ಲಿದೆ. ಬಡಿದರೆ ನಗಾರಿಯ ಹಾಗೆ ನಾದ ಕೊಡುತ್ತದೆ. ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಈ ಜಾಗ ಸೇರಿದ್ದು 2021ರಲ್ಲಿ.

ಈ ಗುಡ್ಡದ ಮೇಲೆ ಒಬ್ಬ ಅರಸನ ಹೆಸರೂ ಇಲ್ಲ. ಬಿರುದಿಲ್ಲ, ವಂಶಾವಳಿಯಿಲ್ಲ, ದಾನ ಕೊಟ್ಟವನ ಹೊಗಳಿಕೆಯಿಲ್ಲ, ದಾನ ಕೆಡಿಸಿದವನಿಗೆ ಶಾಪವಿಲ್ಲ. ಬಂಡೆ ಸೀಳಿ ಚಪ್ಪಡಿ ಎತ್ತಿದವರ ಕೆಲಸ ಮಾತ್ರ ನಿಂತಿದೆ. ಚಪ್ಪಡಿ ತೆಗೆದ ಕ್ವಾರಿಯೇ ಅಲ್ಲಿ ಕೆರೆಯಾಗಿದೆ. ಸತ್ತವರಿಗೆ ಕಲ್ಲು ತೆಗೆದ ಗುಂಡಿ ಬದುಕಿದವರಿಗೆ ನೀರು ಕೊಟ್ಟಿದೆ. ಈ ಕೆರೆಯ ನೀರನ್ನು ಯಾರು ಕುಡಿದರು, ಯಾರಿಗೆ ಬೇಡವೆಂದರು ಎಂದು ಹೇಳುವ ಒಂದು ಅಕ್ಷರವೂ ಅಲ್ಲಿಲ್ಲ. ಆ ಕಾಲದಲ್ಲಿ ಎಲ್ಲರೂ ಸಮನಾಗಿದ್ದರು ಎಂದು ನಾವು ಹಾಡಲು ಹೋಗುವುದಿಲ್ಲ. ಎಲ್ಲರಿಗೂ ಅಷ್ಟು ದೊಡ್ಡ ಚಪ್ಪಡಿ ಸಿಕ್ಕಿರಲಾರದು. ಆದರೂ ಪುರಾಣ ಅಂಟದ ಈ ಗುಡ್ಡಕ್ಕೆ ಪ್ರವಾಸದ ಬಸ್ಸು ಯಾಕೆ ಬರುವುದಿಲ್ಲ ಎಂಬುದು ಯೋಚಿಸತಕ್ಕ ಮಾತು. ಅದೇ ಗಂಗಾವತಿ ತಾಲ್ಲೂಕಿನ ಅಂಜನಾದ್ರಿಯ 575 ಮೆಟ್ಟಿಲ ಮೇಲೆ ಜನಜಾತ್ರೆ. ಅಲ್ಲಿ ಕತೆ ಇದೆ, ದೇವರಿದ್ದಾನೆ, ಸರ್ಕಾರದ ಹಣವಿದೆ. ಇಲ್ಲಿ ಹೆಸರಿಲ್ಲದ ಕೆಲಸಗಾರರಷ್ಟೇ ಇದ್ದಾರೆ.

ಆನೆಗೊಂದಿಯ ಕಡೆ ಹೊಳೆ ದಾಟುವಾಗ ಇನ್ನೊಂದು ಮಾತು ನೆನಪಾಗುತ್ತದೆ. ತುಂಗಭದ್ರೆಗೆ ಅಡ್ಡಲಾಗಿ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದು ಬಿತ್ತು. ಕೂಲಿಕಾರರು ಹೊಳೆಯಲ್ಲಿ ಸತ್ತರು. ಈ ದಡದಲ್ಲಿ ಕೃಷ್ಣದೇವರಾಯನ ಹೆಸರು ಎಲ್ಲರ ಬಾಯಲ್ಲಿದೆ. ಸೇತುವೆಯ ಕೂಲಿಗಳ ಹೆಸರನ್ನು ಎಷ್ಟು ಜನ ಹೇಳಬಲ್ಲರು? ವಿರೂಪಾಪುರಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ ಕೆಡವಿದಾಗ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬಂತು. ಆ ರೆಸಾರ್ಟುಗಳಲ್ಲಿ ಹಾಸಿಗೆ ಮಡಿಚುತ್ತಿದ್ದ, ಪಾತ್ರೆ ತಿಕ್ಕುತ್ತಿದ್ದ ಹೆಣ್ಣುಮಕ್ಕಳು ಮರುದಿನ ಎಲ್ಲಿ ಕೆಲಸಕ್ಕೆ ಹೋದರು ಎಂದು ಕೇಳಿದವರು ಕಡಿಮೆ.

5

ಯಲಬುರ್ಗಾ ಒಂದು ಕಾಲಕ್ಕೆ ಸಿಂದರ ರಾಜಧಾನಿ. ಹಳೆಯ ಯಲಬುರ್ಗಾ ತಾಲ್ಲೂಕಿನಲ್ಲೇ ಇದ್ದ ಕುಕನೂರಿನಲ್ಲಿ ನವಲಿಂಗ ಗುಡಿ ಇದೆ. ಅಲ್ಲಿಗೆ ಹತ್ತಿರದ ಇಟಗಿಯಲ್ಲಿ ಮಹಾದೇವ ದೇವಾಲಯ. 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ್ದು. ಶಾಸನ ಅದನ್ನು 'ದೇವಾಲಯ ಚಕ್ರವರ್ತಿ' ಎಂದು ಕರೆದಿದೆ. ಸುಳ್ಳೇನಲ್ಲ. ಬಳಪದ ಕಲ್ಲಿನ ಆ ಕಂಬಗಳ ಮುಂದೆ ನಾವೂ ಬಾಯಿ ತೆರೆದು ನಿಂತಿದ್ದೇವೆ.

ಇಲ್ಲಿ ಕೆಲವು ಗೆಳೆಯರು ನಮ್ಮನ್ನು ತಡೆಯುತ್ತಾರೆ. "ಎಲ್ಲದರಲ್ಲೂ ಜಾತಿ ನೋಡ್ತೀರಲ್ರಿ, ಚಂದ ಅನ್ನೋದು ನಿಮಗ ಕಾಣೂದಿಲ್ಲೇನು?" ಕಾಣುತ್ತದೆ. ನಿಮಗಿಂತ ಹೆಚ್ಚು ಕಾಣುತ್ತದೆ. ಕಲ್ಲು ಕಡಿಯುವುದೆಂದರೆ ಏನೆಂದು ನಮ್ಮ ಮನೆಗಳಲ್ಲಿ ಗೊತ್ತು. ಕುಷ್ಟಗಿ-ಇಳಕಲ್ಲಿನ ಕೆಂಪುಕಲ್ಲಿನ ಕ್ವಾರಿಯಲ್ಲಿ ದುಡಿದು ಎದೆಯ ತುಂಬ ಧೂಳು ತುಂಬಿಕೊಂಡವರು ನಮ್ಮ ಪೈಕಿ ಇದ್ದಾರೆ. ಉಳಿ ಒಂದು ಕೂದಲೆಳೆ ಜಾರಿದರೆ ಏನಾಗುತ್ತದೆ ಎಂದು ತಿಳಿದವನಿಗೆ ಇಟಗಿಯ ಕಂಬದ ನುಣುಪು ಇನ್ನೂ ದೊಡ್ಡದಾಗಿ ಕಾಣುತ್ತದೆ. ನಾವು ಚೆಲುವನ್ನು ನಿರಾಕರಿಸುತ್ತಿಲ್ಲ. ಚೆಲುವಿಗೆ ಒಡೆಯರನ್ನು ಮಾತ್ರ ಕೊಟ್ಟು ದುಡಿದವರನ್ನು ಕೈಬಿಟ್ಟ ವಿಮರ್ಶೆಯನ್ನು ನಿರಾಕರಿಸುತ್ತಿದ್ದೇವೆ. ಕಟ್ಟಿಸಿದವನ ಹೆಸರು ಮಕ್ಕಳಿಗೆ ಬಾಯಿಪಾಠ. ಕಲ್ಲು ಹೊತ್ತು ತಂದವರು ಪಾಠದಲ್ಲಿಲ್ಲ. ಗುಡಿಯ ಮುಂದೆ ಮೆಟ್ಟಿಲಿಳಿಯುವ ಪುಷ್ಕರಣಿಯೂ ಇದೆ. ಹೊಂಡ ತೋಡಿದವರ ಮಕ್ಕಳು ಆ ಮೆಟ್ಟಿಲು ಇಳಿಯಬಹುದಾಗಿತ್ತೇ ಎಂದು ಗೈಡು ಹೇಳುವುದಿಲ್ಲ. ಪ್ರವಾಸ ಕಥನವೂ ಕೇಳುವುದಿಲ್ಲ.

ಹಳೆಯ ಕತೆ ಬಿಡಿ, ಅದು ಮುಗಿದುಹೋಯಿತು ಎನ್ನುವವರಿಗೆ ಇನ್ನೂ ಮೂರು ಊರು ತೋರಿಸುತ್ತೇವೆ. ಇವು ಯಾವ ಪ್ರವಾಸದ ನಕ್ಷೆಯಲ್ಲೂ ಇಲ್ಲ.

ಕುಷ್ಟಗಿ ತಾಲ್ಲೂಕಿನ ಮಿಯಾಪುರ. 2021ರ ಸೆಪ್ಟೆಂಬರ್. ಹುಟ್ಟುಹಬ್ಬದ ದಿನ ತಂದೆ ತನ್ನ ಸಣ್ಣ ಮಗನನ್ನು ಕರೆದುಕೊಂಡು ಹನುಮಂತನ ಗುಡಿಯ ಹೊರಗೆ ನಿಂತು ಕೈ ಮುಗಿಯುತ್ತಿದ್ದ. ಎಷ್ಟೋ ತಲೆಮಾರಿನಿಂದ ಹೊರಗೇ ನಿಂತ ರೂಢಿ. ಕೂಸಿಗೆ ರೂಢಿ ಗೊತ್ತಿರಲಿಲ್ಲ, ಒಳಗೆ ಓಡಿತು. ಗುಡಿ ಶುದ್ಧಿ ಮಾಡಬೇಕೆಂದು ಊರಿನ ಕೆಲವರು ಸೇರಿ ಇಪ್ಪತ್ತು ಸಾವಿರಕ್ಕೂ ಮೇಲೆ ದಂಡ ಕೇಳಿದರು. ಸುದ್ದಿ ಹೊರಬಿದ್ದ ಮೇಲೆ ಅಧಿಕಾರಿಗಳು ಬಂದರು, ಪೊಲೀಸರು ಕೆಲವರನ್ನು ಹಿಡಿದರು. ದೇವರ ಮುಂದೆ ಹೊರಗಿನವನು ಯಾರು, ಒಳಗಿನವನು ಯಾರು ಎಂಬುದು ಎರಡು ವರ್ಷದ ಕೂಸಿಗೆ ಗೊತ್ತಿರಲಿಲ್ಲ. ಊರಿಗೆ ಗೊತ್ತಿತ್ತು.

ಗಂಗಾವತಿ ತಾಲ್ಲೂಕಿನ ಮರಕುಂಬಿ. 2014ರ ಆಗಸ್ಟ್ 28. ಗಂಗಾವತಿಯ ಟಾಕೀಸಿನಲ್ಲಿ ಶುರುವಾದ ಜಗಳ ಊರಿಗೆ ಬಂದು ಕೇರಿಯ ಗುಡಿಸಲುಗಳಿಗೆ ಬೆಂಕಿಯಾಗಿ ಹತ್ತಿತು. ಹತ್ತು ವರ್ಷದ ಮೇಲೆ, 2024ರ ಅಕ್ಟೋಬರ್ 24ರಂದು, ಕೊಪ್ಪಳದ ನ್ಯಾಯಾಲಯ 101 ಮಂದಿಗೆ ಶಿಕ್ಷೆ ಕೊಟ್ಟಿತು. 98 ಜನರಿಗೆ ಜೀವಾವಧಿ, ಮೂವರಿಗೆ ಐದು ವರ್ಷ. ಆಮೇಲೆ ಮೇಲ್ಮನವಿ ಹೈಕೋರ್ಟಿಗೆ ಹೋಯಿತು. ಒಂದು ಜಾತಿ ದೌರ್ಜನ್ಯದ ಪ್ರಕರಣದಲ್ಲಿ ಒಂದೇ ದಿನ ಇಷ್ಟು ಜನ ತಪ್ಪಿತಸ್ಥರೆಂದು ಸಾಬೀತಾದದ್ದು ಈ ನಾಡಿನಲ್ಲಿ ಅಪರೂಪ. ಇದು ನಮ್ಮ ಸಂತೋಷದ ಸುದ್ದಿಯಲ್ಲ. ಜೈಲಿಗೆ ಹೋದವರಲ್ಲೂ ಬಹಳ ಮಂದಿ ಕೂಲಿನಾಲಿ ಮಾಡುವವರೇ ಇದ್ದಾರು. ಆದರೆ ಹತ್ತು ವರ್ಷ ಕೋರ್ಟಿಗೆ ಅಲೆದು ಸಾಕ್ಷಿ ಹೇಳಿದವರ ಆ ನಡಿಗೆಯೂ ಒಂದು ಯಾತ್ರೆ. ಊರಿನಿಂದ ನ್ಯಾಯಾಲಯಕ್ಕೆ, ನ್ಯಾಯಾಲಯದಿಂದ ಅದೇ ಊರಿಗೆ. ಅದನ್ನು ಬರೆದವರಿಲ್ಲ.

ಯಲಬುರ್ಗಾ ತಾಲ್ಲೂಕಿನ ಸಂಗನಾಳ. 2024ರ ಆಗಸ್ಟಿನಲ್ಲಿ ಕ್ಷೌರದಂಗಡಿಗೆ ಹೋದ ದಲಿತ ಯುವಕನೊಬ್ಬ ಅಲ್ಲೇ ನಡೆದ ಜಗಳದಲ್ಲಿ ಕೊಲೆಯಾದ. ಕೂದಲು ಕತ್ತರಿಸಿಕೊಳ್ಳಲು ಹೋದವನ ಹೆಣ ಮನೆಗೆ ಬಂತು. ಇಟಗಿಯ ಹಾಗೆ ಇದೂ ನಮ್ಮ ಯಲಬುರ್ಗಾ ಸೀಮೆಯೇ. ಶಿಲ್ಪ ನೋಡಲು ಬಂದ ಕಾರುಗಳು ಈ ಸೀಮೆಯ ದಾರಿಗಳಲ್ಲೇ ಓಡಾಡುತ್ತವೆ.

6

ಇಂಥ ಜಾಗಗಳನ್ನು ನೋಡಲು ಯಾರು ಹೋಗುತ್ತಾರೆ, ನೋಡಿ ಏನು ಬಂತು ಎಂದು ಕೇಳಬಹುದು. ನಮ್ಮ ಲೇಖಕರು ಹಂಬಲಿಸಿ ಹೋಗಿಬಂದ ಅಮೆರಿಕದಲ್ಲೇ ಇದಕ್ಕೊಂದು ಉತ್ತರವಿದೆ. ಅಲ್ಲಿಯೂ ಬಹಳ ಕಾಲ ಪ್ರವಾಸಿಗರು ಒಡೆಯರ ಬಿಳಿಯ ಬಂಗಲೆ ನೋಡಿ ಬರುತ್ತಿದ್ದರು. ಹಿತ್ತಲಿನ ಗುಲಾಮರ ಗುಡಿಸಲು ನೋಡುತ್ತಿದ್ದವರು ಕಡಿಮೆ. ಲೂಸಿಯಾನಾದ ವಿಟ್ನಿ ಎಂಬ ಕಬ್ಬಿನ ತೋಟ 2014ರಲ್ಲಿ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಅದು ಹೇಳುವ ಕತೆ ಒಡೆಯನದಲ್ಲ, ಗುಲಾಮರದು. ಅಲಬಾಮಾದ ಮಾಂಟ್ಗೊಮರಿಯಲ್ಲಿ 2018ರಲ್ಲಿ ಒಂದು ಸ್ಮಾರಕವಾಯಿತು. ಗುಂಪು ಕಟ್ಟಿ ಹಿಡಿದು ಮರಕ್ಕೆ ನೇತುಹಾಕಿ ಕೊಂದ ಕರಿಯರ ಹೆಸರುಗಳು ಅಲ್ಲಿವೆ. ನಾಲ್ಕು ಸಾವಿರಕ್ಕೂ ಮೇಲೆ. ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು. ಕೊಲೆ ನಡೆದ ಒಂದೊಂದು ಕೌಂಟಿಗೂ ಒಂದೊಂದು ಉಕ್ಕಿನ ಕಂಬ. ಎಂಟುನೂರು ಕಂಬಗಳು ಮೇಲಿನಿಂದ ತೂಗುತ್ತಿವೆ. ಅಂಥದೇ ಇನ್ನೊಂದು ಜೋಡಿ ಕಂಬಗಳನ್ನು ಹೊರಗೆ ಮಲಗಿಸಿಟ್ಟಿದ್ದಾರೆ. ಆಯಾ ಕೌಂಟಿಯವರು ಬಂದು, ನಮ್ಮಲ್ಲಿ ಇದು ನಡೆದದ್ದು ಹೌದು ಎಂದು ಒಪ್ಪಿ, ತಮ್ಮ ಕಂಬವನ್ನು ಊರಿಗೆ ಒಯ್ದು ನಿಲ್ಲಿಸಲಿ ಎಂದು.

ಅಮೆರಿಕ ಸುಧಾರಿಸಿಬಿಟ್ಟಿತು ಎಂದು ನಾವು ಹೇಳುತ್ತಿಲ್ಲ. ಅಲ್ಲಿಯ ಕರಿಯರೇ ಹಾಗೆ ಹೇಳುವುದಿಲ್ಲ. ಆದರೆ ನೋಡಲು ಹೋಗುವುದೆಂದರೆ ಒಪ್ಪಿಕೊಳ್ಳಲು ಹೋಗುವುದೂ ಆಗಬಹುದು ಎಂದು ಅವರು ತೋರಿಸಿದ್ದಾರೆ. 1972ರಲ್ಲಿ ಮುಂಬಯಿಯ ದಲಿತ ಯುವಕರು ಅಮೆರಿಕದ ಕರಿಯ ಚಿರತೆಗಳಿಂದ ಹೆಸರು ಪಡೆದು ದಲಿತ ಪ್ಯಾಂಥರ್ಸ್ ಕಟ್ಟಿದರು. ಇದನ್ನೂ ಅಲ್ಲಿಂದಲೇ ಪಡೆದರೆ ತಪ್ಪಿಲ್ಲ. ನಮ್ಮ ಜಿಲ್ಲೆ 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗಿನಿಂದ ಎಷ್ಟೋ ಸ್ವಾಗತ ಕಮಾನು ಕಟ್ಟಿದ್ದೇವೆ. ಇಂಥ ಒಂದು ಕಂಬ ತಂದರೆ ಅದನ್ನು ಎಲ್ಲಿ ನಿಲ್ಲಿಸುವುದು? ಈ ಪ್ರಶ್ನೆಯನ್ನು ಯಾವುದಾದರೂ ಜಿಲ್ಲಾ ಉತ್ಸವದ ಸಭೆಯಲ್ಲಿ ಎದ್ದು ಕೇಳಿ ನೋಡಿ.

ಈಗ ನಮ್ಮ ಮೇಲೇ ತಿರುಗಬೇಕಾದ ಮಾತು. 1979ರಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ನಡೆದಾಗಿನಿಂದ ನಾವು ಕವಿತೆ ಬರೆದೆವು, ಕತೆ ಬರೆದೆವು. ಸಿದ್ಧಲಿಂಗಯ್ಯನವರ 'ಊರು ಕೇರಿ', ಅರವಿಂದ ಮಾಲಗತ್ತಿಯವರ 'ಗೌರ್ಮೆಂಟ್ ಬ್ರಾಹ್ಮಣ' ಬಂದವು, ಕನ್ನಡದ ಆತ್ಮಕಥೆಯ ದಿಕ್ಕೇ ಬದಲಾಯಿತು. ಪ್ರವಾಸ ಕಥನವನ್ನು ಮಾತ್ರ ಉಳ್ಳವರ ಹವ್ಯಾಸವೆಂದು ಅವರಿಗೇ ಬಿಟ್ಟುಕೊಟ್ಟೆವು. ಅದು ತಪ್ಪಾಯಿತು. ಜಾಗವನ್ನು ಯಾರು ಬರೆಯುತ್ತಾರೋ ಜಾಗ ಅವರದಾಗುತ್ತದೆ. ಆನೆಗೊಂದಿಯನ್ನು ಅರಸೊತ್ತಿಗೆಯವರು ಬರೆದರು, ಅಂಜನಾದ್ರಿಯನ್ನು ಪುರಾಣದವರು ಬರೆದರು. ಮೋರ್ಯರ ಗುಡ್ಡವನ್ನು ಬರೆಯಬೇಕಾದವರು ನಾವು. ಹುಲಿಗಿಯ ಜಾತ್ರೆಗೆ ಹೋಗಿ, ಹುಲಿಗೆಮ್ಮನ ಹೆಸರಲ್ಲಿ ಮುತ್ತು ಕಟ್ಟಿಸಿಕೊಂಡ ಅವ್ವಂದಿರ ಜತೆ ಕೂತು ಬರೆಯಬೇಕಾದವರು ನಾವು. ದೇವದಾಸಿ ನಿಷೇಧದ ಕಾನೂನು ಬಂದದ್ದು 1982ರಲ್ಲಿ. ಕಾನೂನು ಬಂದ ಮೇಲೂ ಆ ಅವ್ವಂದಿರ ಬಾಳು ಹೇಗೆ ನಡೆಯಿತು ಎಂಬುದು ಯಾವ ಯಾತ್ರಾ ಪುಸ್ತಕದಲ್ಲಿದೆ?

7

ಕೊನೆಗೆ ಹಳ್ಳಿಯ ಸಾಲೆಯ ಮೇಷ್ಟ್ರುಗಳಿಗೆ ಒಂದು ಮಾತು.

ಡಿಸೆಂಬರ್ ಬಂತೆಂದರೆ ಸಾಲೆಯ ಪ್ರವಾಸ. ಹಂಪಿ, ಮೈಸೂರು, ಜೋಗ. ರೊಕ್ಕ ಕೊಡಲಾಗದ ಮಕ್ಕಳು ಮನೆಯಲ್ಲಿ ಉಳಿಯುತ್ತಾರೆ. ಉಳಿಯುವ ಮಕ್ಕಳು ಯಾವ ಕೇರಿಯವರೆಂದು ನಿಮಗೆ ಗೊತ್ತು. ಆ ಮಕ್ಕಳ ತಂದೆ-ತಾಯಿ ಅದೇ ಹೊತ್ತಿಗೆ ಮಂಗಳೂರಿನಲ್ಲೋ ಗೋವಾದಲ್ಲೋ ಕಲ್ಲು-ಮಣ್ಣು ಹೊರುತ್ತಿರುತ್ತಾರೆ. ಒಂದು ವರ್ಷ ಈ ಪ್ರವಾಸವನ್ನು ನಡೆದುಹೋಗುವಷ್ಟು ಹತ್ತಿರಕ್ಕೆ ತನ್ನಿ. ಗವಿಮಠದ ಬಂಡೆಗೆ ಕರೆದೊಯ್ದು ಖುದಕ ಎಂದರೆ ಯಾರೆಂದು ಕೇಳಿ. ಹಿರೇಬೆಣಕಲ್ಲಿನ ಗುಡ್ಡ ಹತ್ತಿಸಿ ಈ ಚಪ್ಪಡಿ ಎತ್ತಲು ಎಷ್ಟು ಮಂದಿ ಬೇಕೆಂದು ಲೆಕ್ಕ ಹಾಕಿಸಿ. ಗುಳೆ ಹೋಗಿ ಬಂದ ಒಬ್ಬ ಅಪ್ಪನನ್ನು, ಒಬ್ಬ ಅವ್ವನನ್ನು ಸಾಲೆಗೆ ಕರೆಸಿ, ಅವರು ಕಂಡ ಊರುಗಳ ಕತೆ ಹೇಳಿಸಿ. ಮಕ್ಕಳು ಅದನ್ನು ಬರೆದುಕೊಳ್ಳಲಿ. ನಮ್ಮ ಪ್ರವಾಸ ಸಾಹಿತ್ಯ ಆ ನೋಟ್‌ಬುಕ್ಕಿನಲ್ಲಿ ಶುರುವಾಗುತ್ತದೆ.

ಹಿಂದೊಮ್ಮೆ ನಾವು ಕೆಲವರು ಈ ಸೀಮೆಯಲ್ಲೇ ಒಂದು ಹಳೆಯ ಗುಡಿ ನೋಡಲು ಹೋಗಿದ್ದೆವು. ಊರಿನ ಹೆಸರು ಬೇಡ. ಬಿಸಿಲು ನೆತ್ತಿಗೇರಿತ್ತು. ಒಂದು ಮನೆಯ ಮುಂದೆ ನಿಂತು ನೀರು ಕೇಳಿದೆವು. ಮುದುಕಿಯೊಬ್ಬಳು ತಂಬಿಗೆ ಹಿಡಿದು ಹೊರಗೆ ಬಂದಳು. "ಯಾವ ಪೈಕಿ ಆತ್ರಿ?" ಎಂದಳು. ನಾವು ಹೇಳಿದೆವು. ಅವಳು ಸ್ವಲ್ಪ ಹೊತ್ತು ಸುಮ್ಮನೆ ನಿಂತಳು. ಆಮೇಲೆ, "ಬೊಗಸಿ ಒಡ್ರಪ್ಪಾ" ಅಂದಳು. ಮೇಲಿನಿಂದ ನೀರು ಸುರಿದಳು.

ನೀರು ತಣ್ಣಗಿತ್ತು. ಕುಡಿದೆವು. ಅವಳು ಕೆಟ್ಟವಳಲ್ಲ, ನಮ್ಮ ಬಾಯಾರಿಕೆ ಅವಳಿಗೆ ತಿಳಿದಿತ್ತು. ಆ ಗುಡಿಯ ಶಿಲ್ಪ ಹೇಗಿತ್ತೆಂದು ಈಗ ಕೇಳಿದರೆ ನಮಗೆ ನೆನಪಿಲ್ಲ. ತಂಬಿಗೆಗೂ ನಮ್ಮ ಕೈಗೂ ನಡುವೆ ಎಷ್ಟು ಅಂತರವಿತ್ತೆಂದು ಮಾತ್ರ ಇವತ್ತಿಗೂ ಅಳತೆ ಹಾಕಿ ಹೇಳಬಲ್ಲೆವು.